ಎಂಟನೇ ಸ್ಟೇಜಿಗೆ ಹೊರಟ ನೂರಮ್ಮ

ಚನ್ನಪಟ್ಟಣದಲ್ಲಿ ನೂರ್ಜಹಾನ್ ಮನೆ ಯಾವುದೆಂದು ಕೇಳಿದರೆ ಹತ್ತು ಮನೆ ತೋರಿಸುತ್ತಾರೆ. ಅರಗಿನ ನೂರಮ್ಮನ ಮನೆ ಎಂದರೆ ಒಂದೇ. ನನ್ನ ಟಿವಿ ರಿಪೇರಿ ಅಂಗಡಿಯ ಹಿಂದಿನ ಓಣಿಯಲ್ಲಿ ಎಡಕ್ಕೆ ಎರಡನೆಯದು. ಗಂಡ ಗೌಸ್ ಲೇತಿನ ಮೇಲೆ ಮರದ ಬೊಂಬೆ ಕಡೆಯುತ್ತಾನೆ. ಆ ಬೊಂಬೆಗಳಿಗೆ ಹಚ್ಚುವ ಅರಗಿಗೆ ಬಣ್ಣ ಕೂಡಿಸುವುದು ನೂರಮ್ಮನ ಕೆಲಸವಾಗಿತ್ತು. ಕೆಂಡದ ಮೇಲೆ ಮೆತ್ತಗಾದ ಅರಗನ್ನು ಎಳೆದು, ಮಡಚಿ, ತಿರುಚಿ, ಮತ್ತೆ ಎಳೆದು, ಬಣ್ಣ ಒಂದೇ ಸಮ ಹರಡುವವರೆಗೂ ಅವಳು ಕೈ ಬಿಡುತ್ತಿರಲಿಲ್ಲ. ಅವಳ ಬೆರಳಿಗೆ ಬಿಸಿ ತಟ್ಟುವುದೇ ಇಲ್ಲ ಎಂದು ಓಣಿಯವರೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ನಾನೊಂದು ಸಲ ಕೇಳಿಯೇಬಿಟ್ಟೆ.

"ಸುಡ್ತದೆ ಕಣಣ್ಣ," ಎಂದಳು. "ಅಂತ ಕೈ ಬುಟ್ರೆ ಗಟ್ಟಿಯಾಗೋಯ್ತದಲ್ಲ."

ಆ ಬೆರಳುಗಳಿಂದ ಎರಡು ವರ್ಷದ ಹಿಂದೆ ಒಂದು ದಿನ ಅರಗಿನ ಕಡ್ಡಿ ಜಾರಿ ಬಿತ್ತು. ಮಾರನೆಯ ದಿನವೂ ಬಿತ್ತು. ಕಣ್ಣು ಎಲ್ಲಿಟ್ಟಿದ್ದೀಯ ಎಂದು ಗೌಸ್ ರೇಗಿದನಂತೆ. ಆ ಮಾತನ್ನು ನೆನೆದು ಅವನು ಈಗಲೂ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾನೆ. ರಾಮನಗರದಲ್ಲಿ ತೋರಿಸಿದರು, ಬೆಂಗಳೂರಿನಲ್ಲಿ ತೋರಿಸಿದರು. ಕೊನೆಗೆ ಒಬ್ಬ ವಯಸ್ಸಾದ ಡಾಕ್ಟರು ಗೌಸನನ್ನು ಹೊರಗೆ ಕರೆದು ವಿಷಯ ಹೇಳಿದರು. ನರದ ಕಾಯಿಲೆ. ಕೈಯಿಂದ ಶುರುವಾಗಿ ಒಂದೊಂದಾಗಿ ಎಲ್ಲ ಸ್ನಾಯುವೂ ಸೋಲುತ್ತದೆ. ಕಣ್ಣು ಹಾಗೇ ಇರುತ್ತದೆ, ಬುದ್ಧಿ ಹಾಗೇ ಇರುತ್ತದೆ. ಔಷಧಿ ಇಲ್ಲ. ನೂರಮ್ಮನಿಗೆ ಆಗ ನಲವತ್ತನಾಲ್ಕು. ಇದ್ದೊಬ್ಬ ಮಗಳು ನೂರೀನಳನ್ನು ರಾಮನಗರದ ರೇಷ್ಮೆ ನೂಲು ತೆಗೆಯುವವರ ಮನೆಗೆ ಕೊಟ್ಟು ಆಗಷ್ಟೇ ನಿರಾಳವಾಗಿ ಉಸಿರು ಬಿಟ್ಟಿದ್ದರು.

ಇನ್ನು ನನ್ನ ವಿಷಯ. ಮನೋಹರ್ ಎಂದು ನನ್ನ ಹೆಸರು. ಬಾಯಿ ಸರಿಯಿಲ್ಲ, ಕೈ ಚೆನ್ನಾಗಿದೆ ಎನ್ನುತ್ತಾರೆ. ಈಗ ಟಿವಿ ಕೆಟ್ಟರೆ ಯಾರೂ ರಿಪೇರಿ ಮಾಡಿಸುವುದಿಲ್ಲ, ಹೊಸದು ತರುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ನೊಣ ಹೊಡೆಯುತ್ತ ಕೂತ ನನಗೆ ಒಂದು ಹುಚ್ಚು ಹತ್ತಿತು. ನಾವು ಹೈಸ್ಕೂಲಿನಲ್ಲಿದ್ದಾಗ ಬಸ್ ಸ್ಟ್ಯಾಂಡ್ ಹತ್ತಿರ ಒಂದು ವಿಡಿಯೋ ಗೇಮ್ ಅಂಗಡಿ ಇತ್ತು. ಬೀರುವಿನಷ್ಟು ದೊಡ್ಡ ಐದು ಮೆಷಿನ್ನು. ಒಂದು ರೂಪಾಯಿ ಹಾಕಿದರೆ ಮೂರು ಲೈಫು. ಅಲ್ಲಿದ್ದ ಹಳದಿ ವಿಮಾನದ ಆಟಕ್ಕೆ ನಾನು ಎಷ್ಟು ಪಾಠ ಬಲಿಕೊಟ್ಟೆನೋ ದೇವರೇ ಬಲ್ಲ. ಕೆಳಗೆ ಸಮುದ್ರ, ಮೇಲಿಂದ ಶತ್ರು ವಿಮಾನ, ಹಡಗಿನಿಂದ ಗುಂಡು. ಕೋಲು ವಾಲಿಸಿದರೆ ನಮ್ಮ ವಿಮಾನ ಸರಿಯುತ್ತದೆ, ಬಟನ್ ಒತ್ತಿದರೆ ಹೊಡೆಯುತ್ತದೆ. ಎಂಟು ಸ್ಟೇಜು. ನಾನು ಐದು ದಾಟಲಿಲ್ಲ. ಎಂಟು ದಾಟಿದವನು ಊರಲ್ಲೇ ಇರಲಿಲ್ಲ.

ಆ ಮೆಷಿನ್ನುಗಳು ಯಾವ ಗುಜರಿಗೆ ಹೋದವೋ. ಆದರೆ ಈಗ ಎಮ್ಯುಲೇಟರ್ ಎಂಬುದೊಂದಿದೆ. ಹಳೆಯ ಮೆಷಿನ್ನಿನ ವೇಷ ಹಾಕಿ ಅದರಂತೆಯೇ ನಡೆದುಕೊಳ್ಳುವ ಸಾಫ್ಟ್‌ವೇರ್. ಅಂಗೈಯಗಲದ ಕಂಪ್ಯೂಟರ್ ಬೋರ್ಡಿಗೆ ಅದನ್ನು ತುಂಬಿ ಟಿವಿಗೆ ಸಿಕ್ಕಿಸಿದರೆ ಆಟ ಬರುತ್ತದೆ. ಕೀಬೋರ್ಡಿನಲ್ಲಿ ಆಡಿದರೆ ಮಾತ್ರ ಸಪ್ಪೆ. ಕೋಲು ಬೇಕು, ಬಟನ್ ಬೇಕು, ಹಲಗೆಯ ಮೇಲೆ ಮೊಣಕೈ ಊರಬೇಕು. ಅದಕ್ಕೆಂದು ಪ್ಲೈವುಡ್ ಪೆಟ್ಟಿಗೆ ಮಾಡಿ, ಕೋಲು ಕೂರಿಸಿ, ಕೋಲಿನ ಬುಡದ ನಾಲ್ಕು ಸ್ವಿಚ್ಚಿಗೆ ವೈರು ಎಳೆದೆ. ಕೋಲಿನ ತುದಿಗೆ ಹಿಡಿಕೆಯ ಗುಂಡು ಮಾತ್ರ ಇರಲಿಲ್ಲ. ಬೊಂಬೆ ಊರಲ್ಲಿ ಇದ್ದುಕೊಂಡು ಪ್ಲಾಸ್ಟಿಕ್ ಗುಂಡು ತರಿಸುವುದಕ್ಕೆ ನಾಚಿಕೆಯಾಗಿ ಗೌಸನಿಗೆ ಹೇಳಿದೆ.

ಗೌಸ್ ಬೊಂಬೆ ಮಾಡುವ ಆಲೆಮರದ ತುಂಡು ಕಡೆದು, ಕೆಂಪು ಅರಗು ಹಚ್ಚಿ ಕೇದಗೆ ಎಲೆಯಲ್ಲಿ ಉಜ್ಜಿ ಹೊಳಪು ಕೊಡುತ್ತಿದ್ದಾಗ, ಮೂಲೆಯ ಕುರ್ಚಿಯಲ್ಲಿ ಕೂತಿದ್ದ ನೂರಮ್ಮ ಇದೇನೆಂದು ಕೇಳಿದಳಂತೆ. ಮನೋಹರಣ್ಣನಿಗೆ ಎಂಥದೋ ಗೇಮ್ ಕೋಲಿನ ಗುಂಡು ಎಂದು ಅವನು ಹೇಳಿದ. ಅದರಲ್ಲಿ ಹಳದಿ ವಿಮಾನ ಇದೆಯಾ ಎಂದು ಅವಳು ಕೇಳಿದಳು. ಗೌಸ್ ಲೇತು ನಿಲ್ಲಿಸಿ ನನ್ನ ಅಂಗಡಿಗೆ ಓಡಿ ಬಂದ.

"ಇಪ್ಪತ್ಮೂರು ವರ್ಷದಿಂದ ಜೊತೇಲಿವ್ನಿ, ಒಂದ್ ದಿನ ಹೇಳ್ಲಿಲ್ಲ ಕಣಣ್ಣ! ಅವ್ಳಿಗೆ ಹೆಂಗ್ ಗೊತ್ತು?"

ಗೊತ್ತಿದ್ದದ್ದು ಹೀಗೆ. ಅವಳ ಅಣ್ಣ ವಾಸಿಂ ಆ ಗೇಮ್ ಅಂಗಡಿಯಲ್ಲೇ ಬಿದ್ದಿರುತ್ತಿದ್ದ. ಊಟಕ್ಕೆ ಕರೆದು ತಾ ಎಂದು ಅಮ್ಮ ಇವಳನ್ನು ಕಳಿಸುತ್ತಿದ್ದಳು. ಅಂಗಡಿಯ ಬಾಗಿಲಿಗೆ ಪರದೆ. ಹೆಣ್ಣುಮಕ್ಕಳು ಒಳಗೆ ಕಾಲಿಡುವ ಮಾತೇ ಇಲ್ಲ. ಪರದೆಗೂ ಬಾಗಿಲಿನ ಪಟ್ಟಿಗೂ ನಡುವೆ ಇದ್ದ ಸಂದಿಯಲ್ಲಿ ಒಂದೇ ಒಂದು ಮೆಷಿನ್ನು ಕಾಣುತ್ತಿತ್ತು, ಹಳದಿ ವಿಮಾನದ್ದು. ಮೂರು ವರ್ಷ ಅವಳು ಅಲ್ಲಿ ನಿಂತು ನೋಡಿದ್ದಳು. ಯಾವ ಸ್ಟೇಜಿನಲ್ಲಿ ಶತ್ರು ಎಡದಿಂದ ಬರುತ್ತಾನೆ, ಯಾವುದರಲ್ಲಿ ಬಲದಿಂದ, ಎಲ್ಲ ಬಾಯಿಪಾಠ. ಕೋಲು ಮಾತ್ರ ಒಂದು ದಿನವೂ ಮುಟ್ಟಿದವಳಲ್ಲ.

ಆ ಮೆಷಿನ್ನಿನ ಮುಂದೆ ನಾನೂ ನಿಂತಿರುತ್ತಿದ್ದೆ. ಪರದೆಯ ಹತ್ತಿರ ಯಾವುದೋ ಹುಡುಗಿ ಇಣುಕಿದರೆ "ಏ, ಹೋಗಮ್ಮ ಆಚೆಗೆ" ಎಂದು ಗದರಿದ್ದೂ ನೆನಪಿದೆ. ಅದು ಇವಳೇ ಇರಬೇಕು. ಇದನ್ನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ. ಅಷ್ಟು ಧೈರ್ಯ ನನಗಿಲ್ಲ.

ಆಟದ ಕೊನೆ ತನಕ ಯಾರೋ ಆಡಿದ ವಿಡಿಯೋ ಮೊಬೈಲಿನಲ್ಲೇ ಸಿಗುತ್ತದೆ, ಎಂಟನೇ ಸ್ಟೇಜು ಮುಗಿದ ಮೇಲೆ ಏನಾಗುತ್ತದೆ ಎಂದು ಈಗಲೇ ತೋರಿಸುತ್ತೇನೆ ಎಂದೆ. ನೂರಮ್ಮ ತಲೆ ಅಲ್ಲಾಡಿಸಿದಳು.

"ನೋಡಿದ್ದು ಆಯ್ತಲ್ಲಣ್ಣ. ಈಗ ಆಡ್ಬೇಕು. ಎಂಟ್ ಸ್ಟೇಜೂ ನನ್ ಕೈಲೇ ಆಡಿ ಮುಗ್ಸ್ಬೇಕು."

ಆಗ ಅವಳಿಗೆ ನಡೆಯಲು ಬರುತ್ತಿತ್ತು, ಮಾತು ಒಸಿ ತೊದಲುತ್ತಿತ್ತು. ಎಡಗೈ ಬಿದ್ದೇಹೋಗಿತ್ತು. ಬಲಗೈಯಲ್ಲಿ ತಟ್ಟೆಯಿಂದ ತುತ್ತು ಎತ್ತುವಷ್ಟು ಶಕ್ತಿ ಉಳಿದಿತ್ತು. ಎಷ್ಟು ದಿನ ಇರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಪೆಟ್ಟಿಗೆಯನ್ನು ಅವರ ಮನೆಗೆ ಹೊತ್ತುಕೊಂಡು ಹೋಗಿ ಟಿವಿಗೆ ಸಿಕ್ಕಿಸಿದೆ. ಕೋಲೂ ಬಟನ್ನೂ ಒಂದೇ ಕೈಗೆ ಸಿಗಬೇಕಲ್ಲ, ಅದಕ್ಕೆ ಬಟನ್ನನ್ನು ಕೋಲಿನ ಪಕ್ಕದಲ್ಲೇ, ಕಿರುಬೆರಳಿಗೆ ಎಟುಕುವಂತೆ ಕೂರಿಸಿದ್ದೆ. ಗಡಿಬಿಡಿಯಲ್ಲಿ ವೈರು ಅದಲುಬದಲಾಗಿ, ಕೋಲು ಮೇಲಕ್ಕೆ ತಳ್ಳಿದರೆ ವಿಮಾನ ಕೆಳಕ್ಕೆ ಬಂದು ಸಮುದ್ರಕ್ಕೆ ಬಿತ್ತು. ನೂರಮ್ಮ ನಕ್ಕ ನಗೆಗೆ ಪಕ್ಕದ ಮನೆಯವರು ಬಂದು ಇಣುಕಿದರು. ವೈರು ಸರಿ ಮಾಡಿದ ಮೇಲೂ ಹತ್ತು ಸೆಕೆಂಡಿಗೆ ಸತ್ತಳು. ಮತ್ತೆ ಹತ್ತು ಸೆಕೆಂಡಿಗೆ ಸತ್ತಳು. ಕಣ್ಣಿಗೆ ಗೊತ್ತಿದ್ದದ್ದು ಕೈಗೆ ಇಳಿಯುವುದಕ್ಕೆ ವಾರ ಹಿಡಿಯಿತು. ಆಮೇಲೆ ಒಂದನೇ ಸ್ಟೇಜು ದಾಟಿತು, ಎರಡನೆಯದೂ ದಾಟಿತು.

ಅವಳು ಆಡುವ ರೀತಿಯೇ ಬೇರೆ. ಆ ಆಟದಲ್ಲಿ ಬಟನ್ ಒತ್ತಿ ಹಿಡಿದರೆ ಗುಂಡು ಒಂದೇ ಸಮನೆ ಹೋಗುತ್ತಿರುತ್ತದೆ. ನಾವೆಲ್ಲ ಹಾಗೇ ಒತ್ತಿ ಹಿಡಿದು ಕಿರುಚಾಡುತ್ತಿದ್ದೆವು. ನೂರಮ್ಮ ಹಾಗಲ್ಲ. ಶತ್ರು ಎದುರಿಗೆ ಬರುವವರೆಗೂ ಕಾಯುವಳು, ಬಂದಾಗ ಟಕ್ ಎಂದು ಒಂದೇ ಗುಂಡು. ದಂಡ ಮಾಡುವುದು ಅವಳಿಗೆ ಆಗದು.

ಮೂರನೇ ಸ್ಟೇಜಿಗೆ ಬಂದು ನಿಂತಳು. ಕೈ ಜಾರುತ್ತಿತ್ತು. ಕೋಲಿನ ಗುಂಡು ಬೆರಳಿನಿಂದ ನುಣುಚಿಕೊಳ್ಳುತ್ತಿತ್ತು. ಗೌಸ್ ಅದನ್ನು ಬಿಚ್ಚಿ ಲೇತಿಗೆ ಏರಿಸಿ, ಇನ್ನೊಂದು ಪದರ ಅರಗು ಹಚ್ಚಿ, ಮುಖ ಕಾಣುವಷ್ಟು ಹೊಳಪು ಕೊಟ್ಟು ತಂದ. ಇನ್ನೂ ಜಾಸ್ತಿ ಜಾರಿತು. ಮತ್ತೆ ಬಿಚ್ಚಿದ, ಮತ್ತೆ ಉಜ್ಜಿದ. ಮೂರು ಸಲ ಹೀಗಾಯಿತು. ಕೆಲಸ ಸರಿಯಾಗಿಲ್ಲವೆಂದರೆ ಹೊಳಪು ಸಾಲದು ಎಂದೇ ಅರ್ಥ, ಅವನ ಅಪ್ಪನೂ ತಾತನೂ ಕಲಿಸಿದ್ದು ಅದನ್ನೇ. ನನಗೆ ತಡೆಯಲಾಗಲಿಲ್ಲ.

"ಗೌಸಣ್ಣ, ಹೊಳಪೇ ಕಣಯ್ಯ ಜಾರ್ತಿರೋದು! ಅರಗು ಕೆರ್ದಾಕಿ ಬರೀ ಮರ ಬುಡು."

ಅವನ ಮುಖ ಕೆಂಪಾಯಿತು. "ನಮ್ ಲೇತಿಂದ ಬೋಳು ಮರ ಹೊರಗ್ ಹೋಗಿಲ್ಲ ಮನೋಹರಣ್ಣ. ಅದೂ ಅವ್ಳಿಗಾ? ಅವ್ಳ ಅರಗಿಲ್ದೆ?"

ಆಗ ಅರ್ಥವಾಯಿತು. ಗುಂಡಿಗೆ ಹಚ್ಚುತ್ತಿದ್ದದ್ದು ನೂರಮ್ಮ ಕೊನೆಯ ಸಲ ಕೂಡಿಸಿಟ್ಟಿದ್ದ ಕೆಂಪು. ಒಂದು ಕಡ್ಡಿ ಉಳಿದಿತ್ತು, ಅದನ್ನು ಅವನು ಬೇರೆ ಯಾವುದಕ್ಕೂ ಮುಟ್ಟಿಸಿರಲಿಲ್ಲ. ನನ್ನ ಬಾಯಿಗೆ ಬೆಂಕಿ ಬೀಳಲಿ ಎನಿಸಿತು. ಕೊನೆಗೆ ಅವನೇ, ಯಾರೂ ಮತ್ತೆ ಹೇಳದೆ, ಉಳಿಯಿಂದ ಆ ಕೆಂಪನ್ನೆಲ್ಲ ಕೆರೆದು, ಬೋಳು ಮರಕ್ಕೆ ಸಣ್ಣ ಸಣ್ಣ ಗೀರು ಹಾಕಿ ತಂದು ಕೂರಿಸಿದ. ಕೂರಿಸಿ ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಕೋಲು ಕೈಗೆ ಕೂತಿತು. ಆ ವಾರ ನಾಲ್ಕನೇ ಸ್ಟೇಜು ದಾಟಿತು.

ಆಮೇಲೆ ನಡೆದದ್ದು ಓಟ. ನಾವಿಬ್ಬರೂ ಹಿಂದೆ ಹಿಂದೆ, ಕಾಯಿಲೆ ಮುಂದೆ ಮುಂದೆ. ಕೋಲಿನ ಸ್ಪ್ರಿಂಗ್ ಬಿಗಿಯಾಯಿತೆಂದು ಬಾಲ್‌ಪೆನ್ನಿನ ಸ್ಪ್ರಿಂಗ್ ಹಾಕಿದೆ. ಒಂದು ತಿಂಗಳು ನಡೆಯಿತು. ಬೆರಳು ಮಡಚಲು ಆಗದೆ ಹೋದಾಗ ಗೌಸ್ ಗುಂಡನ್ನು ತೆಗೆದು, ಅಂಗೈ ಇಟ್ಟರೆ ಸಾಕಾಗುವ ಅಗಲದ ಬಟ್ಟಲು ಕಡೆದ. ಮೂರು ವಾರ ನಡೆಯಿತು. ಮಣಿಕಟ್ಟು ಕುಸಿಯಿತೆಂದು ಅದರಡಿಗೆ ಮರದ ಆಸರೆ ಮಾಡಿದ. ಎರಡು ವಾರ. ಪ್ರತಿ ಸಲವೂ ಹೊಸ ತುಂಡು ಕೂರಿಸಿದ ದಿನ ಅವನ ಮುಖ ಅರಳುತ್ತಿತ್ತು, ಇದು ನಿಲ್ಲುತ್ತೆ ಬಿಡಣ್ಣ ಎನ್ನುತ್ತಿದ್ದ. ಅವನು ಬಿಚ್ಚಿಟ್ಟ ಹಳೆಯ ತುಂಡುಗಳು ಕಿಟಕಿಯಲ್ಲಿ ಸಾಲಾಗಿ ಕೂತಿದ್ದವು. ಡಾಕ್ಟರು ಹೇಳಿದ್ದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೂ ಸ್ಕ್ರೂ ಡ್ರೈವರ್ ಹಿಡಿದುಕೊಂಡು ಹೋಗುತ್ತಿದ್ದೆ. ಇನ್ನೇನು ಮಾಡಲಿ?

ನೂರಮ್ಮ ಐದನೇ ಸ್ಟೇಜಿನಲ್ಲಿ ಸಿಕ್ಕಿಕೊಂಡಳು. ದಿನಾ ಮಧ್ಯಾಹ್ನ ನಮಾಜು ಮುಗಿಸಿ ಕೂರುವಳು, ಅದೇ ಹಡಗಿನ ಎದುರು ಮೂರು ಲೈಫೂ ಕಳೆಯುವಳು. ಕೈ ನಿಧಾನವಾಗುತ್ತಿತ್ತು, ಆಟ ನಿಧಾನವಾಗುತ್ತಿರಲಿಲ್ಲ. ಒಂದು ದಿನ ನಾನು ಮಾಡಬಾರದ್ದು ಮಾಡಿದೆ. ಎಮ್ಯುಲೇಟರಿನಲ್ಲಿ ಒಂದು ಸೌಕರ್ಯವಿದೆ, ಅದನ್ನು ಒತ್ತಿಬಿಟ್ಟರೆ ಎಷ್ಟು ಗುಂಡು ತಗುಲಿದರೂ ನಮ್ಮ ವಿಮಾನ ಸಾಯುವುದಿಲ್ಲ. ಯಾರಿಗೂ ಹೇಳದೆ ಒತ್ತಿಟ್ಟು ಬಂದೆ. ಎಂಟು ಸ್ಟೇಜು ಮುಗಿಸಿ ಖುಷಿಪಡಲಿ, ಯಾರ ಗಂಟೇನು ಹೋಗುತ್ತದೆ ಎಂದುಕೊಂಡೆ.

ಮಾರನೆಯ ದಿನ ಕರೆಸಿದಳು. ಐದು ದಾಟಿತ್ತು, ಆರು ನಡೆಯುತ್ತಿತ್ತು. ಗೌಸ್ ಸಂಭ್ರಮದಿಂದ ನಿಂತಿದ್ದ. ನೂರಮ್ಮ ಕೋಲಿನಿಂದ ಕೈ ತೆಗೆದು ಕೂತಿದ್ದಳು. ಅವಳ ವಿಮಾನ ಒಂದೇ ಜಾಗದಲ್ಲಿ ನಿಂತು ಗುಂಡು ತಿನ್ನುತ್ತಿತ್ತು. ಮಾತು ಆಗ ಬಹಳ ಕಷ್ಟ. ಒಂದೊಂದು ಶಬ್ದಕ್ಕೂ ಉಸಿರು ಕೂಡಿಸಿಕೊಳ್ಳಬೇಕು.

"ಮನೋಹರಣ್ಣ... ಗುಂಡು ಬಿತ್ತು. ಸಾಯ್ಲಿಲ್ಲ."

ನಾನು ಏನೋ ಬಡಬಡಿಸಿದೆ. ಬೋರ್ಡು ಬಿಸಿಯಾಗಿರಬೇಕು, ಒಂದೊಂದು ಸಲ ಹಾಗಾಗುತ್ತದೆ ಎಂದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಸಾಯೋದೂ ನಂದೇ ಆಗ್ಲಿ," ಎಂದಳು.

ಗೌಸ್ ಮುಖ ಆಚೆ ತಿರುಗಿಸಿಕೊಂಡ. ನಾನು ಕೂತು ಆ ಸೌಕರ್ಯವನ್ನು ತೆಗೆದೆ. ಅವಳು ಒಂದನೇ ಸ್ಟೇಜಿನಿಂದ ಶುರು ಮಾಡಿದಳು, ಎರಡನೆಯದರಲ್ಲಿ ಸತ್ತಳು. ಆಮೇಲೆ ಅವಳೊಬ್ಬಳೇ ಮೂರರಾಚೆ ಹೋಗಲೇ ಇಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಬಲಗೈಯಲ್ಲಿ ಉಳಿದದ್ದು ತೋರುಬೆರಳೊಂದೇ. ಮಾತು ಪೂರಾ ನಿಂತಿತು. ಕಣ್ಣು ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಬೇಡ. ಕೋಲು ಇನ್ನು ಸಾಧ್ಯವಿಲ್ಲ ಎಂದು ನಾನು ಪೆಟ್ಟಿಗೆ ಬಿಚ್ಚಲು ಕೂತೆ. ಬಟನ್ನನ್ನು ಕಳಚಲು ಹೋದರೆ ಅವಳು ಎರಡು ಸಲ ಕಣ್ಣು ಮುಚ್ಚಿದಳು. ಕೋಲಿನ ಕಡೆ ನೋಡಿದಳು, ಗೌಸನ ಕಡೆ ನೋಡಿದಳು. ಮತ್ತೆ ಬಟನ್ನು ನೋಡಿದಳು.

"ಕೋಲು ನಾನ್ ಹಿಡೀಬೇಕಾ?" ಎಂದ ಗೌಸ್. "ನೀನ್ ಹೊಡಿತೀಯಾ?"

ಒಂದು ಸಲ ಮುಚ್ಚಿದಳು.

ಹೀಗೆ ಒಂದು ವಿಮಾನಕ್ಕೆ ಇಬ್ಬರಾದರು. ಜೀವಮಾನದಲ್ಲಿ ಆಟ ಆಡದ ಗೌಸ್ ಮೊದಮೊದಲು ಶತ್ರು ಇದ್ದ ಕಡೆಗೇ ಹೋಗಿ ಡಿಕ್ಕಿ ಹೊಡೆಯುತ್ತಿದ್ದ. "ಲೇ ಗೌಸಣ್ಣ, ನೆಂಟರ ಮನೆಗೆ ಹೋದಂಗೆ ಹೋಯ್ತಿದ್ದೀಯಲ್ಲೋ" ಎಂದು ನಾನು ಬೈದರೆ ನೂರಮ್ಮನ ಕಣ್ಣು ನಗುತ್ತಿತ್ತು. ಆದರೆ ಲೇತಿನ ಕೈ ಅದು. ಕಲಿತ. ಅವಳ ಕಣ್ಣು ಎಡಕ್ಕೆ ಹೊರಳಿದರೆ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ. ಅವಳು ಮೂರು ವರ್ಷ ಸಂದಿಯಲ್ಲಿ ನೋಡಿ ಕಲಿತದ್ದೆಲ್ಲ ಅವನ ಕೈಗೆ ಬಂತು. ಶತ್ರು ಎದುರಿಗೆ ಬಂದಾಗ ಅವಳ ಬೆರಳು ಟಕ್ ಎನ್ನುತ್ತಿತ್ತು. ಐದು ದಾಟಿತು, ಆರು ದಾಟಿತು. ಎಂಟನ್ನೂ ಮುಗಿಸಿಬಿಡುತ್ತಾರೆ ಎಂದು ನನಗೂ ಆಸೆ ಹುಟ್ಟಿತು.

ಬಟನ್ನಿನ ಸ್ವಿಚ್ಚು ಅವಳಿಗೆ ಭಾರವಾಗತೊಡಗಿತು. ಕಂಪ್ಯೂಟರ್ ಮೌಸಿನೊಳಗಿನ ಹಗುರ ಸ್ವಿಚ್ಚು ಹಾಕಿದೆ. ಎಂಟು ದಿನಕ್ಕೆ ಅದೂ ಭಾರವಾಯಿತು. ಅದಕ್ಕೆ ಉದ್ದನೆಯ ತಗಡಿನ ನಾಲಗೆ ಬೆಸೆದೆ, ಅದರ ತುದಿಗೆ ಗೌಸ್ ಎಲೆಯಷ್ಟು ತೆಳುವಾದ ಮರದ ಚೂರು ಅಂಟಿಸಿದ. ಮೊದಲ ದಿನ ಬಾಗಿಲಿನಿಂದ ಬೀಸಿದ ಗಾಳಿಗೇ ಅದು ಟಕ್ ಎಂದಿತು. ಬಾಗಿಲು ಮುಚ್ಚಿದೆವು. ಬೆರಳನ್ನು ಅದರ ಮೇಲೆ ಗೌಸನೇ ಎತ್ತಿ ಇಟ್ಟ. ಮೂರು ದಿನ ಅವಳ ಟಕ್ ಟಕ್ ಕೇಳಿತು.

ನಾಲ್ಕನೆಯ ದಿನ ಮಧ್ಯಾಹ್ನ ನಾನು ಹೋಗುವ ಹೊತ್ತಿಗೆ ಏಳನೇ ಸ್ಟೇಜು ನಡೆಯುತ್ತಿತ್ತು. ಗೌಸನ ಕಣ್ಣು ಟಿವಿಯಲ್ಲೇ ನೆಟ್ಟಿತ್ತು.

"ಬಾ ಬಾ ಮನೋಹರಣ್ಣ! ನೋಡು, ಹೆಂಗ್ ಹೊಡೀತಾವ್ಳೆ ಇವತ್ತು! ಬುಡ್ತಾನೇ ಇಲ್ಲ!"

ಹೌದು, ಗುಂಡು ಒಂದೇ ಸಮನೆ ಹೋಗುತ್ತಿತ್ತು. ಎದುರಿಗೆ ಯಾರಿದ್ದರೂ ಇಲ್ಲದಿದ್ದರೂ ಹೋಗುತ್ತಿತ್ತು. ನಾನು ನೂರಮ್ಮನ ಕೈ ನೋಡಿದೆ. ಬೆರಳು ಮರದ ಚೂರಿನ ಮೇಲೆ ಇಟ್ಟಂತೆ ಇತ್ತು, ಅಲುಗುತ್ತಿರಲಿಲ್ಲ. ಸ್ವಿಚ್ಚನ್ನು ನಾನು ಅಷ್ಟು ಹಗುರ ಮಾಡಿದ್ದೆ. ಒತ್ತುವುದಕ್ಕೆ ಬೆರಳಿನ ಭಾರವೇ ಸಾಕಾಗಿತ್ತು. ಅವಳು ಒತ್ತುತ್ತಿರಲಿಲ್ಲ. ಬಿಡುವುದಕ್ಕೂ ಅವಳಿಂದ ಆಗುತ್ತಿರಲಿಲ್ಲ.

ನಾನು ಬಾಯಿ ತೆರೆದೆ. ನೂರಮ್ಮ ನನ್ನತ್ತ ಕಣ್ಣು ಹೊರಳಿಸಿ ಎರಡು ಸಲ ಮುಚ್ಚಿದಳು. ಸಾಲದೆಂಬಂತೆ ಮತ್ತೆ ಎರಡು ಸಲ ಮುಚ್ಚಿದಳು. ಈ ಬಾಯಿಗೆ ಬೀಗ ಹಾಕಿದವರು ಚನ್ನಪಟ್ಟಣದಲ್ಲಿ ಯಾರೂ ಇರಲಿಲ್ಲ. ನಾನು ತೆಪ್ಪಗೆ ಗೋಡೆಗೆ ಒರಗಿ ಕೂತೆ.

"ಹೂಂ ಗೌಸಣ್ಣ, ಜೋರಾಗಿ ಹೊಡೀತಾವ್ಳೆ," ಎಂದೆ.

ಏಳನೇ ಸ್ಟೇಜು ಮುಗಿಯಿತು. ಗೌಸ್ ಕೋಲು ಬಿಟ್ಟು ಕುಣಿದ. ಹೆಂಡತಿಯ ಕೈಯನ್ನು ಎರಡೂ ಕೈಯಲ್ಲಿ ಎತ್ತಿ ಬೆರಳಿಗೆ ಮುತ್ತು ಕೊಟ್ಟ. ಗುಂಡು ನಿಂತಿತು. ಎಂಟನೇ ಸ್ಟೇಜು ಆಗಲೇ ಶುರುವಾಗಿತ್ತು, ಅವನು ಆತುರದಲ್ಲಿ ಬೆರಳನ್ನು ಮತ್ತೆ ಚೂರಿನ ಮೇಲೆ ಇಟ್ಟ. ಇಟ್ಟ ತಕ್ಷಣ ಗುಂಡು ಹೊರಟಿತು. ಅವನು ನಿಂತ. ಬೆರಳನ್ನು ಒಂದು ಎಳ್ಳಿನಷ್ಟು ಎತ್ತಿದ, ಗುಂಡು ನಿಂತಿತು. ಇಟ್ಟ, ಹೊರಟಿತು. ಅವನಿಗೂ ಗೊತ್ತಾಯಿತು.

ಟಿವಿಯಲ್ಲಿ ವಿಮಾನ ನಡೆಸುವವರಿಲ್ಲದೆ ನಿಂತಿತ್ತು. ಮೊದಲನೇ ಲೈಫು ಹೋಯಿತು. ಗೌಸ್ ಅವಳ ಮುಖ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಬೆರಳನ್ನು ಮೆಲ್ಲಗೆ ಅದರ ಜಾಗದಲ್ಲಿಟ್ಟು, ಜಾರದ ಹಾಗೆ ಅಂಗೈ ಅಡಿಗೆ ಬಟ್ಟೆ ಒತ್ತಿ, ಎದುರಿಗೆ ಕೂತು ಕೋಲು ಹಿಡಿದ.

"ಹೊಡಿ ನೂರ್," ಎಂದ. "ಬುಡ್ಬೇಡ, ಹೊಡಿ. ವಿಮಾನ ನಾನ್ ನೋಡ್ಕತೀನಿ."